ಶೋಕಕ್ಕೂ ಪಕ್ಷವುಂಟೆ?

ಗಂಗಾತೀರದ ಕ್ಷೇತ್ರಗಳನ್ನು ಕುರಿತು ಕನ್ನಡದಲ್ಲಿ ಬಂದಿರುವ ಯಾತ್ರಾಕಥನಗಳು ಕಡಮೆಯಲ್ಲ. ಕಾಶಿ, ಪ್ರಯಾಗ, ಹರಿದ್ವಾರಗಳಲ್ಲಿ ಮಿಂದು ಬಂದವರ ಬರಹಗಳನ್ನು ಓದುತ್ತಲೇ ನಮ್ಮಲ್ಲಿ ಅನೇಕರು ಬೆಳೆದಿದ್ದೇವೆ. ಆದರೆ ಈ ಯಾತ್ರಿಕರಲ್ಲಿ ಹೆಚ್ಚಿನವರಿಗೆ ಕಾನ್ಪುರವೆಂದರೆ ರೈಲು ಕೊಂಚ ಹೊತ್ತು ನಿಂತು ಮುಂದೆ ಸಾಗುವ ಒಂದು ದೊಡ್ಡ ನಿಲ್ದಾಣ. ಗಿರಣಿಗಳ, ಚರ್ಮದ ಕಾರ್ಖಾನೆಗಳ ಊರು. ಆ ಊರಿನ ದಂಡುಪ್ರದೇಶದ ಅಂಚಿನಲ್ಲಿ ಗಂಗೆಗೆ ಇಳಿಯುವ ಒಂದು ಸೋಪಾನವಿದೆ. ಅದರ ಹೆಸರು ಸತೀಚೌರಾ ಘಾಟ್. ಚೌರಾ ಎಂದರೆ ಕಟ್ಟೆ. ಸಹಗಮನ ಮಾಡಿದ ಹೆಂಗಸರ ನೆನಪಿನ ಕಟ್ಟೆಗಳಿದ್ದ ಜಾಗವಾದುದರಿಂದ ಆ ಹೆಸರು ಬಂದಿತು. ಕನ್ನಡದಲ್ಲಿ ಹೇಳುವುದಾದರೆ 'ಮಾಸ್ತಿಕಟ್ಟೆ'. ಅದೇ ಹೆಸರಿನ ಊರು ನಮ್ಮ ಮಲೆನಾಡಿನಲ್ಲಿಯೂ ಉಂಟು. 1857ರ ತರುವಾಯ ಇಂಗ್ಲಿಷರು ಇದನ್ನು 'ಕಗ್ಗೊಲೆಯ ಘಾಟ್' ಎಂದು ಕರೆದರು. ಸ್ವಾತಂತ್ರ್ಯ ಬಂದ ಮೇಲೆ ಇದು 'ನಾನಾರಾವ್ ಘಾಟ್' ಆಯಿತು. ಒಂದೇ ಮೆಟ್ಟಿಲುಸಾಲಿಗೆ ಮೂರು ಹೆಸರುಗಳು. ಮೂರು ಹೆಸರುಗಳಿಗೆ ಮೂರು ದೃಷ್ಟಿಗಳು.

ಒಂದು ಸ್ಥಳವನ್ನು ಕುರಿತ ಬರಹಗಳನ್ನು ಆ ಸ್ಥಳದಲ್ಲಿಯೇ ನಿಂತು ತೂಗಿ ನೋಡುವುದು ವಿಮರ್ಶೆಗೆ ಒಳ್ಳೆಯ ಪರೀಕ್ಷೆ. ಮನೆಯ ಕುರ್ಚಿಯಲ್ಲಿ ಕುಳಿತು ಓದಿದಾಗ ಗಂಭೀರವಾಗಿ ತೋರಿದ ಮಾತು ಅಲ್ಲಿ ಬರಿಯ ಆವೇಶವಾಗಿ ಕೇಳಿಸಬಹುದು. ಸಪ್ಪೆಯೆನಿಸಿದ ಒಂದು ವಾಕ್ಯ ಅಲ್ಲಿ ಎದೆಗೆ ತಾಗಬಹುದು. ಈಚೆಗೆ ಅಂಥದೊಂದು ಅವಕಾಶ ನನಗೆ ಒದಗಿತು. ಅಲ್ಲಿ ಎದ್ದ ಪ್ರಶ್ನೆಯನ್ನು ಓದುಗರ ಮುಂದಿಡುವುದಕ್ಕಾಗಿ ಈ ಲೇಖನ.

ಮೊದಲು ಸಂಗತಿಯನ್ನು ಸಂಕ್ಷೇಪವಾಗಿ ಹೇಳಬೇಕು. 1857ರ ಜೂನ್ 5ರಂದು ಕಾನ್ಪುರದ ಸಿಪಾಯಿಗಳು ದಂಗೆಯೆದ್ದರು. ಮರುದಿನದಿಂದ ಜನರಲ್ ಹ್ಯೂ ವೀಲರನ ಮಣ್ಣುಗೋಡೆಯ ಠಾಣ್ಯಕ್ಕೆ ಮುತ್ತಿಗೆ ಬಿದ್ದಿತು. ಒಳಗೆ ಸುಮಾರು ಒಂಬೈನೂರು ಜನ: ಸೈನಿಕರು, ವರ್ತಕರು, ಗುಮಾಸ್ತರು, ಹೆಂಗಸರು, ಮಕ್ಕಳು, ಅವರ ಜೊತೆಗೆ ಅವರನ್ನು ಬಿಟ್ಟುಹೋಗದೆ ಉಳಿದ ಭಾರತೀಯ ಆಳುಕಾಳುಗಳು. ಜೂನ್ ತಿಂಗಳ ಉರಿಬಿಸಿಲಿನಲ್ಲಿ ಮೂರು ವಾರ ಕಳೆಯಿತು. ಕೊನೆಗೆ ಬಿಠೂರಿನ ನಾನಾಸಾಹೇಬನ ಕಡೆಯಿಂದ, ಠಾಣ್ಯವನ್ನು ಒಪ್ಪಿಸಿದರೆ ಅಲಹಾಬಾದಿಗೆ ಹೋಗಲು ದೋಣಿಗಳನ್ನು ಕೊಡುವೆವೆಂಬ ಮಾತು ಬಂದಿತು. ಜೂನ್ 27ರ ಬೆಳಗ್ಗೆ ಉಳಿದವರೆಲ್ಲ ಈ ಘಾಟಿಗೆ ಬಂದರು. ಹುಲ್ಲುಮಾಡಿನ ಸುಮಾರು ನಲವತ್ತು ದೋಣಿಗಳು ಕಾದಿದ್ದವು. ನದಿಯಲ್ಲಿ ನೀರು ಇಳಿದಿತ್ತು. ದೋಣಿಗಳ ತಳ ಮಳಲಿಗೆ ಕಚ್ಚಿಕೊಂಡಿತ್ತು. ಅಂಬಿಗರು ನೀರಿಗೆ ಹಾರಿದರು, ಗುಂಡು ಹಾರಿತು, ಹುಲ್ಲುಮಾಡು ಹೊತ್ತಿಕೊಂಡಿತು. ಮೊದಲ ಗುಂಡು ಯಾರದು, ಅಪ್ಪಣೆ ಯಾರದು ಎಂಬ ವಾದ ಇಂದಿಗೂ ಮುಗಿದಿಲ್ಲ. ತೇಲಿಹೋದ ದೋಣಿಯೊಂದರಿಂದ ಕೊನೆಗೆ ಬದುಕಿ ಉಳಿದ ಗಂಡಸರು ನಾಲ್ವರು. ಸೆರೆಸಿಕ್ಕ ಹೆಂಗಸರನ್ನೂ ಮಕ್ಕಳನ್ನೂ ಬೀಬೀಘರ್ ಎಂಬ ಮನೆಯಲ್ಲಿಟ್ಟರು. ಫತೇಗಡದ ಕಡೆಯಿಂದ ಓಡಿಬಂದು ಸಿಕ್ಕಿಬಿದ್ದವರೂ ಸೇರಿ ಅಲ್ಲಿದ್ದವರು ಸುಮಾರು ಇನ್ನೂರು ಮಂದಿ. ಜುಲೈ 15ರಂದು ಅವರನ್ನು ಕೊಂದರು. ಮರುದಿನ ಹೆಣಗಳನ್ನು ಬಾವಿಗೆ ಹಾಕಿದರು. ಹ್ಯಾವ್‌ಲಾಕನ ಸೈನ್ಯ ಊರನ್ನು ಹೊಕ್ಕದ್ದು ಜುಲೈ 17ರಂದು.

ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಕಥೆ. ಅದೇ ಜೂನ್ ತಿಂಗಳಲ್ಲಿ ಮದರಾಸು ಫ್ಯುಸಿಲಿಯರ್ಸ್ ದಂಡಿನ ಜೇಮ್ಸ್ ನೀಲ್ ಎಂಬ ಅಧಿಕಾರಿ ಕಾಶಿಯಿಂದ ಅಲಹಾಬಾದಿಗೆ ಬಂದಿದ್ದ. ಅವನು ಹೋದ ದಾರಿಯಲ್ಲಿ ಹಳ್ಳಿಗಳು ಉರಿದವು. ತಪ್ಪು ಮಾಡಿದವರು, ಮಾಡದವರು ಎಂಬ ವಿಚಾರಣೆಯಿಲ್ಲದೆ ಜನ ಮರಗಳಲ್ಲಿ ತೂಗಿದರು. ಇದನ್ನು ಹೇಳಿದವರು ನಮ್ಮವರಷ್ಟೇ ಅಲ್ಲ. ಜಾನ್ ಕೇ ಮೊದಲಾದ ಇಂಗ್ಲಿಷ್ ಇತಿಹಾಸಕಾರರೂ ಒಪ್ಪಿಕೊಂಡು ಬರೆದಿದ್ದಾರೆ. ಕಾನ್ಪುರಕ್ಕೆ ಬಂದ ಮೇಲೆ ನೀಲ್ ಜುಲೈ 25ರಂದು ಹೊರಡಿಸಿದ ಅಪ್ಪಣೆಯಂತೆ, ನೇಣಿಗೆ ಹೋಗುವವರು ಮೊದಲು ಬೀಬೀಘರಿನ ನೆಲದ ರಕ್ತವನ್ನು ತಮ್ಮ ಕೈಯಿಂದ ಒರೆಸಬೇಕಾಗಿತ್ತು. ಕೆಲವರಿಂದ ನಾಲಗೆಯಲ್ಲಿ ನೆಕ್ಕಿಸಿದರು. ಸಾಯುವ ಮುನ್ನ ಜಾತಿ ಕೆಡಿಸಬೇಕೆಂಬುದೇ ಅದರ ಉದ್ದೇಶ. ಬಿಠೂರಿನ ಅರಮನೆ ಸುಟ್ಟುಹೋಯಿತು.

ನಾನು ಹೋದಾಗ ಬೇಸಗೆ ಮುಗಿಯುತ್ತ ಬಂದಿತ್ತು. ನದಿ ಮೆಟ್ಟಿಲುಗಳನ್ನು ಬಿಟ್ಟು ಹಿಂದೆ ಸರಿದಿತ್ತು. ಘಾಟಿನ ಮೇಲೆ ಒಂದು ಸಣ್ಣ ಶಿವಾಲಯ. ಸಿಪಾಯಿಗಳ ಕಡೆಯ ನಾಯಕರು ಅಂದು ಈ ಗುಡಿಯ ಬಳಿ ನಿಂತಿದ್ದರೆಂದು ಸಾಕ್ಷಿಗಳು ಹೇಳಿದ್ದರು. ಇಂದು ಅಲ್ಲಿ ಲಿಂಗಕ್ಕೆ ನೀರೆರೆಯುವ ಹೆಂಗಸರು, ಬಟ್ಟೆ ಹಿಂಡುವವರು, ಒಂದು ಹಳೆಯ ದೋಣಿಯ ಮೇಲೆ ಕುಳಿತ ಹುಡುಗರು. ಯಾರ ಮುಖದಲ್ಲಿಯೂ ಚರಿತ್ರೆಯ ಭಾರವಿಲ್ಲ. ಇದನ್ನು ಕಂಡು ನೊಂದುಕೊಳ್ಳಬೇಕಾದ ಕಾರಣವೂ ಇಲ್ಲ. ತೀರ್ಥವೆಂಬುದು ನೆನಪಿಸುವ ಸ್ಥಳ ಎಷ್ಟೋ ಅಷ್ಟೇ ಮರೆಸುವ ಸ್ಥಳವೂ ಹೌದು. ಆದರೆ ಜನ ಮರೆತದ್ದನ್ನು ಬರಹ ನೆನಪಿಡಬೇಕು. ಹೇಗೆ ನೆನಪಿಟ್ಟಿದೆ ಎಂಬುದೇ ನಮ್ಮ ಪ್ರಶ್ನೆ.

ಕಾನ್ಪುರದ ಶೋಕವನ್ನು ಕುರಿತ ಬರಹಗಳಲ್ಲಿ ಅತ್ಯಂತ ಹೆಸರಾದದ್ದು ಕಾಗದದ ಮೇಲಿನದಲ್ಲ, ಕಲ್ಲಿನ ಮೇಲಿನದು. ಬೀಬೀಘರಿನ ಬಾವಿಯ ಮೇಲೆ ಇಂಗ್ಲಿಷರು ಒಂದು ಅಮೃತಶಿಲೆಯ ದೇವದೂತೆಯನ್ನು ನಿಲ್ಲಿಸಿದರು. ಕೆತ್ತಿದವನು ಕಾರ್ಲೊ ಮಾರೊಕೆಟ್ಟಿ. ತಲೆ ಬಾಗಿಸಿ, ತಾಳೆಗರಿಗಳನ್ನು ಎದೆಗಡ್ಡವಾಗಿ ಹಿಡಿದು ನಿಂತ ಆ ಮೂರ್ತಿ ನಿಜವಾಗಿಯೂ ಸುಂದರವಾದದ್ದು. ಅದರ ಮೌನದಲ್ಲಿ ಒಂದು ಘನತೆಯಿದೆ. ಆದರೆ ಅದರ ಕೆಳಗಿನ ಬರಹ ಮೂರ್ತಿಯ ಮೌನವನ್ನು ಕೆಡಿಸುತ್ತದೆ. ಸತ್ತವರು ಕ್ರೈಸ್ತರು, ಹೆಚ್ಚಾಗಿ ಹೆಂಗಸರು ಮಕ್ಕಳು ಎಂದು ಅದು ಹೇಳುತ್ತದೆ; ಕೊಂದವರು ಬಿಠೂರಿನ ಬಂಡುಗಾರ ನಾನಾ ಧೋಂಡುಪಂತನ ಕಡೆಯವರು ಎಂದು ಹೇಳುತ್ತದೆ. ಬರಹದಲ್ಲಿ ಬರುವ ಒಂದೇ ಒಂದು ಹೆಸರು ಸತ್ತವರದಲ್ಲ, ಶತ್ರುವಿನದು! ಸ್ಮಾರಕದ ವೆಚ್ಚಕ್ಕೆಂದು ಊರವರ ಮೇಲೆ ದಂಡ ಹೇರಿದರು. ಆದರೆ ಆ ಉದ್ಯಾನದೊಳಕ್ಕೆ ಭಾರತೀಯರು ಹಾಗೆಯೇ ಹೋಗುವಂತಿರಲಿಲ್ಲ. ದುಡ್ಡು ಕೊಟ್ಟವನಿಗೆ ದುಃಖಪಡುವ ಹಕ್ಕಿಲ್ಲ ಎಂದಹಾಗಾಯಿತು. ಸ್ವಾತಂತ್ರ್ಯಾನಂತರ ಮೂರ್ತಿಯನ್ನೂ ಸುತ್ತಲಿನ ಕಲ್ಲಿನ ತಡಿಕೆಯನ್ನೂ ದಂಡಿನ ಇಗರ್ಜಿಯ ಆವರಣಕ್ಕೆ ಸಾಗಿಸಿದರು. ಬಾವಿಯಿದ್ದ ಜಾಗ ಈಗ ನಾನಾರಾವ್ ಉದ್ಯಾನ. ಅಲ್ಲಿ ತಾತ್ಯಾ ಟೋಪಿಯ ಪ್ರತಿಮೆ ನಿಂತಿದೆ. ಒಂದು ಕಾಲದಲ್ಲಿ ಒಂದು ಕಡೆಯ ಸತ್ತವರಿಗೆ ಮಾತ್ರ ಸಲ್ಲುತ್ತಿದ್ದ ನೆಲ ಈಗ ಇನ್ನೊಂದು ಕಡೆಯವರಿಗೆ ಮಾತ್ರ ಸಲ್ಲುತ್ತದೆ. ಪಾಠ ಬದಲಾಯಿತು; ವ್ಯಾಕರಣ ಬದಲಾಗಲಿಲ್ಲ.

ಕನ್ನಡದ ಓದುಗನಿಗೆ ಇಲ್ಲಿ ನಮ್ಮ ಆತಕೂರಿನ ಶಾಸನ ನೆನಪಾಗುವುದು ಸಹಜ. ಸುಮಾರು 949ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನ ಪ್ರಸ್ತಾಪ ಅದರಲ್ಲಿ ಬರುತ್ತದೆ. ಆದರೆ ಆ ಕಲ್ಲು ಮುಖ್ಯವಾಗಿ ನಿಂತಿರುವುದು ಕಾಳಿ ಎಂಬ ಒಂದು ಬೇಟೆನಾಯಿಗಾಗಿ. ಬೂತುಗನಿಂದ ಆ ನಾಯಿಯನ್ನು ಪಡೆದ ಮಣಲೇರ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟ. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಶಾಸನ ಎರಡರ ಸಾವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಶಿಲ್ಪಿ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೆತ್ತಿದ್ದಾನೆ. ಹಂದಿಯನ್ನು ಬೈಯುವ ಒಂದು ಮಾತೂ ಅಲ್ಲಿಲ್ಲ. ಹಾಗೆಂದು ನಮ್ಮ ಹಿಂದಿನವರು ನಮಗಿಂತ ಸಾಧುಗಳಾಗಿದ್ದರೆಂದು ನಾನು ಹೇಳುತ್ತಿಲ್ಲ. ಮಾಸ್ತಿಕಲ್ಲುಗಳ ಹಿಂದೆ ಎಷ್ಟು ಬಲಾತ್ಕಾರವಿತ್ತೆಂಬುದನ್ನು ಮರೆತು ಅವುಗಳಿಗೆ ಕೈಮುಗಿಯುವುದು ವಿಮರ್ಶಕನ ಕೆಲಸವಲ್ಲ. ಸತೀಚೌರಾ ಎಂಬ ಹೆಸರಿನೊಳಗೇ ಅಂಥ ಹೆಸರಿಲ್ಲದ ಹೆಂಗಸರಿದ್ದಾರೆ. ನನ್ನ ಮಾತು ಇಷ್ಟೆ: ಸಾವನ್ನು ದಾಖಲಿಸುವ ಬರಹಕ್ಕೆ ದ್ವೇಷ ಅನಿವಾರ್ಯವಾದ ಅಲಂಕಾರವಲ್ಲ ಎಂಬುದಕ್ಕೆ ನಮ್ಮಲ್ಲಿಯೇ ಸಾವಿರ ವರ್ಷದ ಹಿಂದಿನ ಸಾಕ್ಷಿಯಿದೆ.

ಕಲ್ಲಿನಿಂದ ಪುಸ್ತಕಗಳಿಗೆ ಬರೋಣ. ಬದುಕಿ ಉಳಿದ ನಾಲ್ವರಲ್ಲಿ ಒಬ್ಬನಾದ ಮೋಬ್ರೇ ಥಾಮ್ಸನ್ 1859ರಲ್ಲಿ ತನ್ನ ವೃತ್ತಾಂತವನ್ನು ಪ್ರಕಟಿಸಿದ. ಅವನು ಸೈನಿಕ, ಕವಿಯಲ್ಲ. ಆದರೂ ಅವನ ಬರಹದಲ್ಲಿ ಒಂದು ಗುಣವಿದೆ: ತನಗೂ ಸಂಗಡಿಗರಿಗೂ ಆಶ್ರಯ ಕೊಟ್ಟು ಕಾಪಾಡಿದ ಅವಧದ ತಾಲ್ಲೂಕುದಾರ ದಿಗ್ವಿಜಯ ಸಿಂಗನ ಉಪಕಾರವನ್ನು ಅವನು ಮುಚ್ಚಿಡುವುದಿಲ್ಲ. ಕಣ್ಣಾರೆ ಕಂಡವನಿಗೆ ಮನುಷ್ಯರು ಕಾಣುತ್ತಾರೆ. ದೂರದಲ್ಲಿ ಕುಳಿತು ಬರೆದವನಿಗೆ ಜನಾಂಗಗಳು ಮಾತ್ರ ಕಾಣುತ್ತವೆ. ಅದಕ್ಕೆ ನಿದರ್ಶನ ವೀಲರನ ಮಗಳ ಕಥೆ. ಅವಳು ತನ್ನನ್ನು ಹಿಡಿದೊಯ್ದವರನ್ನು ಕೊಂದು ತಾನೂ ಬಾವಿಗೆ ಬಿದ್ದಳೆಂಬ ಸುದ್ದಿ ಇಂಗ್ಲೆಂಡಿನಲ್ಲಿ ಹಬ್ಬಿತು. ಪಿಸ್ತೂಲು ಹಿಡಿದು ನಿಂತ ಅವಳ ಚಿತ್ರಗಳು ಅಚ್ಚಾದವು. ಅವಳು ಬದುಕಿಯೇ ಇದ್ದಳು, ತನ್ನನ್ನು ಉಳಿಸಿದವನ ಮನೆಯಲ್ಲಿಯೇ ಬಾಳಿದಳು ಎಂಬ ಮಾತು ಆಮೇಲೆ ಬಂದಿತು. ಸತ್ತ ವೀರವನಿತೆ ಅವರ ಶೋಕಕ್ಕೆ ಬೇಕಾಗಿದ್ದಳು. ಬದುಕಿದ ಹುಡುಗಿ ಬೇಕಾಗಿರಲಿಲ್ಲ.

1865ರಲ್ಲಿ ಬಂದ ಜಾರ್ಜ್ ಟ್ರೆವೆಲಿಯನನ 'ಕಾನ್‌ಪೋರ್' ಇವೆಲ್ಲಕ್ಕಿಂತ ಸಾಹಿತ್ಯಗುಣವುಳ್ಳ ಗ್ರಂಥ. ಟ್ರೆವೆಲಿಯನ್ ಮೆಕಾಲೆಯ ಸೋದರಳಿಯ. ಮಾತಿನ ಬಲ ಅವನಿಗೆ ಕುಲದಿಂದ ಬಂದದ್ದು. ಭಾರತದಲ್ಲಿದ್ದ ತನ್ನ ಜನರ ಸೊಕ್ಕನ್ನು ಅವನು ಚುಚ್ಚಿ ಬರೆಯಬಲ್ಲವನಾಗಿದ್ದ. ಆದರೆ ನಾನಾಸಾಹೇಬನ ಹೆಸರು ಬಂದೊಡನೆ ಅವನ ವ್ಯಂಗ್ಯ ನಿಂತು ಶಾಪ ಮೊದಲಾಗುತ್ತದೆ. ಖಳನಾಯಕ ಸಿಕ್ಕಿದ ಮೇಲೆ ಕಾರಣ ಹುಡುಕುವ ಶ್ರಮ ಲೇಖಕನಿಗೆ ಉಳಿಯುವುದಿಲ್ಲ. ಇದು ಪುಸ್ತಕದ ದೋಷ ಮಾತ್ರವಲ್ಲ, ಒಂದು ಇಡೀ ಸಾಮ್ರಾಜ್ಯದ ಅನುಕೂಲ. ಒಬ್ಬ ನಾನಾನನ್ನು ರಾಕ್ಷಸನನ್ನಾಗಿ ಮಾಡಿದರೆ, ಹಳ್ಳಿಗಳಿಗೆ ಬೆಂಕಿಯಿಟ್ಟ ನೂರು ಜನರ ಲೆಕ್ಕ ತಪ್ಪುತ್ತದೆ.

ಇದಕ್ಕೆ ಪ್ರತ್ಯುತ್ತರವಾಗಿ 1909ರಲ್ಲಿ ಸಾವರ್ಕರರ ಗ್ರಂಥ ಹೊರಟಿತು; ಸರಕಾರ ಅದನ್ನು ನಿಷೇಧಿಸಿತು. ನೀಲ್ ಮಾಡಿದ್ದನ್ನು ಮೊದಲು ಹೇಳಿ, ಅದರ ಹಿಂದೆ ಕಾನ್ಪುರವನ್ನು ಇಡುವ ಅವರ ಕ್ರಮದಲ್ಲಿ ಒಂದು ನ್ಯಾಯವಿದೆ. ಕಾಲಾನುಕ್ರಮವೇ ಇಲ್ಲಿ ಅರ್ಧ ವಾದ. ಆದರೆ ಅವರ ಗದ್ಯದ ಬಿಸಿಯಲ್ಲಿ ದೋಣಿಯಲ್ಲಿದ್ದ ಮಗುವೂ ಒಂದು ಉತ್ತರದ ಭಾಗವಾಗಿಬಿಡುತ್ತದೆ. ಶತಮಾನೋತ್ಸವದ ಕಾಲಕ್ಕೆ, 1957ರಲ್ಲಿ, ಸುರೇಂದ್ರನಾಥ ಸೇನರ ಗ್ರಂಥ ಬಂದು ಎರಡೂ ಕಡೆಯ ಆವೇಶವನ್ನು ತಣಿಸಿತು. 1998ರಲ್ಲಿ ರುದ್ರಾಂಗ್ಶು ಮುಖರ್ಜಿಯವರು ಕಾನ್ಪುರದ ಕೊಲೆಗಳನ್ನೇ ವಸ್ತುವಾಗಿಟ್ಟುಕೊಂಡು ಬರೆದ ಪುಸ್ತಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಂಡಾಯಗಾರರ ಹಿಂಸೆ ಆಳುವವರ ದಿನನಿತ್ಯದ ಹಿಂಸೆಯನ್ನೇ ಕಲಿತು ತಿರುಗಿಸಿದ ಹಿಂಸೆಯೆಂಬುದು ಅವರ ವಾದ. ಸಾಕ್ಷಿಗಳ ಪ್ರಶ್ನೆಯೂ ಸಣ್ಣದಲ್ಲ. ಕರ್ನಲ್ ವಿಲಿಯಮ್ಸ್ ದಂಗೆ ಅಡಗಿದ ಮೇಲೆ ಭಾರತೀಯರಿಂದ ಸಂಗ್ರಹಿಸಿದ ಹೇಳಿಕೆಗಳೇ ಈ ಚರಿತ್ರೆಗೆ ಮುಖ್ಯ ಆಧಾರ. ಗಲ್ಲುಮರಗಳು ಇನ್ನೂ ಕಣ್ಣಿಗೆ ಬೀಳುತ್ತಿದ್ದಾಗ ನುಡಿದ ಮಾತುಗಳವು. ಅವುಗಳಲ್ಲಿ ಭಯ ಎಷ್ಟು, ನಿಜ ಎಷ್ಟು ಎಂದು ಬೇರ್ಪಡಿಸುವುದು ಇತಿಹಾಸಕಾರನಿಗೂ ಕಷ್ಟ.

ಇತಿಹಾಸ ನಿಂತಲ್ಲಿ ಕಾವ್ಯ ಹೊರಡಬೇಕು. ಆ ಕೆಲಸಕ್ಕೆ ಕೈಹಾಕಿದವರಲ್ಲಿ ನಮಗೆ ಹತ್ತಿರದವರು ಮನೋಹರ ಮಳಗಾಂವಕರರು. ಅವರು ಬರೆದದ್ದು ಇಂಗ್ಲಿಷಿನಲ್ಲಿ. ಬಾಳಿದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಜಗಲಬೇಟದ ಕಾಡಿನಂಚಿನಲ್ಲಿ. ಮರಾಠಾ ಪದಾತಿದಳದ ಅಧಿಕಾರಿಯಾಗಿದ್ದವರು, ಬೇಟೆಗಾರರಾಗಿದ್ದವರು, 2010ರಲ್ಲಿ ತೀರಿಕೊಂಡರು. ಅವರ 'ದಿ ಡೆವಿಲ್ಸ್ ವಿಂಡ್' ಎಂಬ ಕಾದಂಬರಿ 1972ರಲ್ಲಿ ಪ್ರಕಟವಾಯಿತು. ನಾನಾಸಾಹೇಬನೇ ತನ್ನ ಕಥೆಯನ್ನು ಹೇಳಿಕೊಳ್ಳುವಂತೆ ಅದನ್ನು ರಚಿಸಿದ್ದಾರೆ. ಇದು ಕಲ್ಪನೆಯೇ ಹೊರತು, ಪರಿಶೀಲಿಸಬಹುದಾದ ಸಂಗತಿಗಳನ್ನು ತಿರುಚಿಲ್ಲವೆಂಬುದು ಲೇಖಕರ ಭರವಸೆ.

ಈ ತಂತ್ರದಿಂದ ಆಗಿರುವ ಲಾಭ ದೊಡ್ಡದು. ನೂರು ವರ್ಷ ಕಾಲ ಶಾಪದ ಪದವಾಗಿದ್ದ ಒಂದು ಹೆಸರಿಗೆ ಮೈಬಂದಿದೆ, ಮಾತು ಬಂದಿದೆ. 1818ರಲ್ಲಿ ರಾಜ್ಯ ಕಳೆದುಕೊಂಡು ಬಿಠೂರಿಗೆ ಬಂದ ಎರಡನೆಯ ಬಾಜೀರಾಯ, ಅವನ ದತ್ತುಮಗ, 1851ರಲ್ಲಿ ಸಾಕುತಂದೆ ಸತ್ತಮೇಲೆ ನಿಂತುಹೋದ ಎಂಟು ಲಕ್ಷ ರೂಪಾಯಿಯ ವಾರ್ಷಿಕ ವರ್ಷಾಸನ, ಅತಿಥಿಸತ್ಕಾರದಲ್ಲಿ ಹೊತ್ತು ಕಳೆಯುವ ಕೆಲಸವಿಲ್ಲದ ಅರಸುತನ: ಇಂಥ ಮನುಷ್ಯ ದಂಗೆಯ ನಾಯಕನಾದದ್ದು ಹೇಗೆ ಎಂಬುದನ್ನು ಕಾದಂಬರಿ ನಂಬುವಂತೆ ತೋರಿಸುತ್ತದೆ. ಸೈನ್ಯದ ಚಲನವಲನವನ್ನು ಬಲ್ಲವರ ಬರವಣಿಗೆ ಅದು, ಎಲ್ಲಿಯೂ ಜಾಳಾಗಿಲ್ಲ.

ಆದರೆ ಅದೇ ತಂತ್ರ ಘಾಟಿನ ಮೆಟ್ಟಿಲಿಗೆ ಬಂದಾಗ ಕಾಲಿಗೆ ತೊಡರುತ್ತದೆ. ಮಾತನಾಡುತ್ತಿರುವವನು ಆಪಾದಿತ. ಅಪ್ಪಣೆ ತನ್ನದಲ್ಲವೆಂದು ಅವನು ಹೇಳಲೇಬೇಕು. ನೀಲನ ಕೃತ್ಯಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಲೇಬೇಕು. ಹೀಗಾಗಿ ಅವನ ಕಣ್ಣು ದೋಣಿಯೊಳಗಿನ ಮುಖಗಳ ಮೇಲೆ ನಿಲ್ಲುವುದಕ್ಕಿಂತ ತನ್ನ ನಿರಪರಾಧಕ್ಕೆ ಒದಗುವ ಸಾಕ್ಷ್ಯದ ಮೇಲೆ ಹೆಚ್ಚು ನಿಲ್ಲುತ್ತದೆ. ನ್ಯಾಯಾಲಯದಲ್ಲಿ ಇದು ಸರಿ. ಕಾವ್ಯದಲ್ಲಿ ವಾದ ಗೆದ್ದ ಮೇಲೂ ಏನೋ ಉಳಿದುಹೋಗುತ್ತದೆ. ಟ್ರೆವೆಲಿಯನ್ ನಾನಾನಿಗೆ ಶಿಕ್ಷೆ ವಿಧಿಸಿದ, ಮಳಗಾಂವಕರರು ಬಿಡುಗಡೆ ಕೊಡಿಸಿದರು; ಇಬ್ಬರ ಪುಸ್ತಕದಲ್ಲಿಯೂ ನಡುವೆ ನಿಂತಿರುವವನು ನಾನಾ. ಮಡಿದವರು ಇಬ್ಬರಿಗೂ ಪುರಾವೆ. ಇಷ್ಟು ಹೇಳಿದರೂ ಈ ಕಾದಂಬರಿಯನ್ನು ಓದಬೇಕೆಂದೇ ನನ್ನ ಸಲಹೆ. ಒಂದು ಕಡೆಯ ಮಾತನ್ನೇ ಶತಮಾನ ಕಾಲ ಕೇಳಿದ ಕಿವಿಗೆ ಇನ್ನೊಂದು ಕಡೆಯ ಮಾತು ಕೇಳಿಸಿದ್ದೇ ಒಂದು ಸಾಧನೆ. ಮುಂದೆ ಬರುವ ಕೃತಿಗೆ ಅದು ದಾರಿ ಬಿಡಿಸಿಕೊಟ್ಟಿದೆ.

ಆ ಮುಂದಿನ ಕೃತಿ ಯಾರನ್ನು ನೋಡಬೇಕು? ದಾಖಲೆಗಳಲ್ಲಿಯೇ ಅವರು ಮೂಲೆಯಲ್ಲಿ ನಿಂತಿದ್ದಾರೆ. ಬೀಬೀಘರಿನಲ್ಲಿ ಕೊಲ್ಲಿರೆಂದು ಅಪ್ಪಣೆಯಾದಾಗ ಅಲ್ಲಿದ್ದ ಸಿಪಾಯಿಗಳು ಒಪ್ಪಲಿಲ್ಲ. ಬಲವಂತಕ್ಕೆ ಸಿಕ್ಕಿ ಗುಂಡನ್ನು ಮೇಲಕ್ಕೆ, ಚಾವಣಿಯ ಕಡೆಗೆ ಹಾರಿಸಿದರು. ಆಮೇಲೆ ಕತ್ತಿ ಹಿಡಿದ ಐವರನ್ನು ಕರೆತರಬೇಕಾಯಿತು. ಬಂಡೆದ್ದ ಸಿಪಾಯಿ, ಸಾಯುವುದಕ್ಕೂ ಸಿದ್ಧನಾದವನು, ಬಂದೂಕದ ನಳಿಗೆಯನ್ನು ಮೇಲೆತ್ತಿದ ಆ ಕ್ಷಣದಲ್ಲಿ ಏನು ಯೋಚಿಸಿದ? ಘಾಟಿನಲ್ಲಿ ನೀರಿಗೆ ಹಾರಿದ ಅಂಬಿಗರು ಒಳಸಂಚಿನಲ್ಲಿ ಸೇರಿದ್ದರೋ, ಜೀವಭಯದಿಂದ ಹಾರಿದರೋ? ಹುಲ್ಲುಮಾಡಿನ ಕೆಳಗೆ ಒಡತಿಯ ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಆಯಾಳ ಸಾವು ಯಾವ ಕಡೆಯ ಲೆಕ್ಕ? ರಾಜಮಾರ್ಗದ ಮರದಲ್ಲಿ ತೂಗಿದ ಹಳ್ಳಿಗನಿಗೆ ನಾನಾಸಾಹೇಬನ ಹೆಸರಾದರೂ ತಿಳಿದಿತ್ತೆ? ಇವರಿಗೆ ಪಕ್ಷವಿಲ್ಲ, ಆದ್ದರಿಂದಲೇ ಗ್ರಂಥವೂ ಇಲ್ಲ.

ಕಾನ್ಪುರದಿಂದ ನದಿಯ ಮೇಲುಗಡೆಗೆ ಸುಮಾರು 20 ಕಿಲೋಮೀಟರು ಹೋದರೆ ಬಿಠೂರು. ನಾನಾನ ಸುಟ್ಟ ಅರಮನೆಯ ಊರಾಗುವುದಕ್ಕೆ ಬಹಳ ಹಿಂದೆಯೇ ಅದು ಬ್ರಹ್ಮಾವರ್ತವೆಂಬ ತೀರ್ಥ. ವಾಲ್ಮೀಕಿಯ ಆಶ್ರಮ ಅಲ್ಲಿತ್ತು, ಕಾಡಿಗಟ್ಟಿದ ಸೀತೆ ಅಲ್ಲಿ ಆಶ್ರಯ ಪಡೆದಳು ಎಂದು ಜನ ನಂಬಿದ್ದಾರೆ. ನಮ್ಮ ಕೋಲಾರದ ಆವನಿಯೂ ಅದೇ ಕೀರ್ತಿಯನ್ನು ಹೇಳಿಕೊಳ್ಳುತ್ತದೆ. ಅಂಥ ಊರುಗಳು ಎಷ್ಟಿದ್ದರೂ ಒಳ್ಳೆಯದೇ. ಇಲ್ಲಿ ಮುಖ್ಯವಾದದ್ದು ಆದಿಕವಿಯ ಶೋಕ ಹುಟ್ಟಿದ ಬಗೆ. ಬೇಡನ ಬಾಣಕ್ಕೆ ಬಿದ್ದದ್ದು ಒಂದು ಹಕ್ಕಿ. ಅದು ಕವಿಯ ಬಂಧುವಲ್ಲ, ಅವನ ಕುಲದ್ದಲ್ಲ, ಅವನ ಮತದ್ದಲ್ಲ. ತನ್ನದಲ್ಲದ ಸಾವಿಗೆ ಮಿಡಿದ ಎದೆಯಿಂದ ನಮ್ಮ ಮೊದಲ ಕಾವ್ಯ ಹೊರಟಿತು. ಶೋಕವೇ ಶ್ಲೋಕವಾಯಿತೆಂದು ಆಲಂಕಾರಿಕರು ಅದನ್ನು ಕಾವ್ಯದ ಲಕ್ಷಣವನ್ನಾಗಿಯೇ ಎತ್ತಿ ಹೇಳಿದರು. ಸ್ವಂತ ಮಗ ಸತ್ತರೆ ಅಳುವುದು ಲೋಕದ ದುಃಖ. ಅನ್ಯರ ದುಃಖ ತನ್ನದಾದಾಗ ಅದು ಕರುಣರಸ. ಈ ಅಳತೆಗೋಲನ್ನು ಹಿಡಿದರೆ ಬಿಠೂರಿನಿಂದ ಕೆಳಗೆ ಅದೇ ನೀರು ಹರಿದುಬರುವ ಘಾಟಿನ ಮೇಲೆ ಬಂದಿರುವ ಬರಹಗಳಲ್ಲಿ ಲೋಕದ ದುಃಖ ಧಾರಾಳವಾಗಿದೆ, ಕರುಣ ವಿರಳವಾಗಿದೆ ಎನ್ನಬೇಕಾಗುತ್ತದೆ. ಮಳಗಾಂವಕರರು ತಮ್ಮ 1964ರ ಕಾದಂಬರಿಗೆ, 'ಎ ಬೆಂಡ್ ಇನ್ ದಿ ಗ್ಯಾಂಜೆಸ್' ಎಂಬುದಕ್ಕೆ, ರಾಮಾಯಣದ ಸನ್ನಿವೇಶವೊಂದರಿಂದ ಹೆಸರನ್ನು ಆರಿಸಿಕೊಂಡವರು. ದೇಶವಿಭಜನೆಯ ರಕ್ತಪಾತವನ್ನು ಎರಡೂ ಕಡೆಯಿಂದ ನೋಡಿದ ಆ ಕಣ್ಣು ಕಾನ್ಪುರಕ್ಕೂ ಸಿಕ್ಕಿದ್ದರೆ ಎನಿಸುತ್ತದೆ.

ಸತ್ತವರಲ್ಲಿ ನಮ್ಮವರು ಪರರು ಎಂದು ನೋಡದಿರುವುದು ಕವಿಗೆ ಮಾತ್ರ ಸಾಧ್ಯವೆಂದು ಯಾರೂ ತಿಳಿಯಬೇಕಾಗಿಲ್ಲ. ಆ ದಿನ ಘಾಟಿನಲ್ಲಿ ಒಬ್ಬ ಗೃಹಸ್ಥರು ಪುರೋಹಿತರೊಡನೆ ತರ್ಪಣಕ್ಕೆ ಕುಳಿತಿದ್ದರು. ತಂದೆ, ತಾತ, ಮುತ್ತಾತ, ತಾಯಿಯ ಕಡೆಯವರು ಎಂದು ಹೆಸರು ಗೋತ್ರಗಳೊಡನೆ ಒಂದೊಂದೇ ಬೊಗಸೆ ನಡೆಯಿತು. ಕೊನೆಯಲ್ಲಿ ಹೆಸರಿಲ್ಲದವರ ಸರದಿ. ಬಂಧುಗಳಾದವರಿಗೂ ಬಂಧುಗಳಲ್ಲದವರಿಗೂ, ಬೇರೊಂದು ಜನ್ಮದಲ್ಲಿ ಬಂಧುಗಳಾಗಿದ್ದವರಿಗೂ, ನೀರು ಕೊಡಲು ಯಾರೂ ಇಲ್ಲದವರಿಗೂ ಸೇರಿಸಿ ನೀರು ಬಿಡುವ ವಿಧಿ ನಮ್ಮಲ್ಲಿ ಮನೆಮನೆಯಲ್ಲಿ ಇದೆ. ನಾವೂ ಪುರೋಹಿತರು ಹೇಳಿದಂತೆ ಹೇಳಿ ಎದ್ದುಬಿಡುತ್ತೇವೆ. ಸತೀಚೌರಾದಲ್ಲಿ ಅದನ್ನು ಕೇಳಿದಾಗ ಆ ಮಾತಿನ ಅಗಲ ಎಷ್ಟೆಂದು ತಿಳಿಯುತ್ತದೆ. ಆ ನೀರಿನಲ್ಲಿ ಸತ್ತ ಇಂಗ್ಲಿಷ್ ಮಗುವೂ ಆ ಬೊಗಸೆಗೆ ಹೊರಗಲ್ಲ. ನೀಲ್ ನೇಣಿಗೆ ಹಾಕಿದ ಹಳ್ಳಿಗನೂ ಹೊರಗಲ್ಲ. ಸಹಗಮನದ ಬೆಂಕಿಗೆ ಹೋದ ಹೆಂಗಸೂ ಹೊರಗಲ್ಲ. ಅಮೃತಶಿಲೆಗೂ ಅಚ್ಚಿನ ಮೊಳೆಗೂ ಸಾಧ್ಯವಾಗದ ಔದಾರ್ಯ ದಿನವೂ ಯಾಂತ್ರಿಕವಾಗಿ ನಡೆಯುವ ಒಂದು ಕರ್ಮದಲ್ಲಿ ಉಳಿದುಕೊಂಡಿದೆ.

ಉತ್ತರ ದೇಶದ ಹಳೆಯ ಜಗಳ ನಮಗೇಕೆ ಎಂದು ಓದುಗರು ಕೇಳಬಹುದು. ಇದೇ ಪರೀಕ್ಷೆ ನಮ್ಮ ಮನೆಯ ಬಾಗಿಲಿಗೂ ಬರುತ್ತದೆ. 1857ರ ಗಾಳಿ ಕನ್ನಡನಾಡಿಗೂ ಬೀಸಿತು. ಹಲಗಲಿಯ ಬೇಡರು ಆಯುಧ ಒಪ್ಪಿಸಲೊಲ್ಲದೆ ಕಾದಿ ಸತ್ತರು. ಅವರ ಕಥೆ ಲಾವಣಿಯಾಗಿ ಉಳಿಯಿತು. 1858ರ ಮೇ ಕೊನೆಯಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ಮ್ಯಾನ್‌ಸನ್ ಎಂಬ ಅಧಿಕಾರಿಯನ್ನು ಕೊಂದು ಅವನ ತಲೆಯನ್ನು ನರಗುಂದಕ್ಕೆ ತಂದರು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ತಾಯಿಯೂ ಮಡದಿಯೂ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು. ಬಾಬಾಸಾಹೇಬನ ಶೌರ್ಯ ನಮಗೆ ಹೆಮ್ಮೆ. ಅದು ಸರಿಯಾದ ಹೆಮ್ಮೆ. ಆದರೆ ಆ ಇಬ್ಬರು ಹೆಂಗಸರು ನದಿಗೆ ಇಳಿದ ಆ ಗಳಿಗೆಯನ್ನು ನಾವು ಎಷ್ಟು ಬರೆದಿದ್ದೇವೆ? ಹೊಳೆಯ ದಡದಲ್ಲಿ ನಿಂತ ಅವರ ಮುಖವನ್ನು ಎಷ್ಟು ನೋಡಿದ್ದೇವೆ? ವೀರನ ಕಥೆಗೆ ಒಂದು ಕೊನೆಯ ಸಾಲಾಗಿ ಮಾತ್ರ ಅವರನ್ನು ಉಳಿಸಿಕೊಂಡಿದ್ದೇವೆ. ಹಾಗಾದರೆ ಬೀಬೀಘರಿನ ಹೆಂಗಸರನ್ನು ತಮ್ಮ ಸಾಮ್ರಾಜ್ಯದ ಕಥೆಗೆ ಒದಗಿಸಿಕೊಂಡವರಿಗೂ ನಮಗೂ ವ್ಯತ್ಯಾಸ ಕಡಮೆಯಾಗುತ್ತದೆ.

ಇದರಿಂದ, ಎರಡು ಕಡೆಯ ತಪ್ಪೂ ಸಮವೆಂಬ ಸುಲಭದ ತೀರ್ಮಾನಕ್ಕೆ ಬರಬಾರದು. ಮನೆ ಹೊಕ್ಕ ಆಳರಸನೂ ಮನೆ ಕಳೆದುಕೊಂಡವನೂ ನ್ಯಾಯದ ತಕ್ಕಡಿಯಲ್ಲಿ ಒಂದೇ ತೂಕದವರಲ್ಲ. ನೀಲನ ಪ್ರತಿಮೆ ಮದರಾಸಿನ ಮೌಂಟ್ ರೋಡಿನಲ್ಲಿ ಬಹುಕಾಲ ನಿಂತಿತ್ತು. ಅದನ್ನು ತೆಗೆಸಲು 1927ರಲ್ಲಿ ಸತ್ಯಾಗ್ರಹ ನಡೆಯಿತು. 1937ರಲ್ಲಿ ರಾಜಾಜಿಯವರ ಸರಕಾರ ಅದನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿತು. ಅದು ಆಗಬೇಕಾದದ್ದೇ. ತೀರ್ಪು ಕೊಡುವಾಗ ಪಕ್ಷ ಇರಲೇಬೇಕು. ಆದರೆ ತೀರ್ಪು ಬೇರೆ, ಶೋಕ ಬೇರೆ. ತೀರ್ಪಿಗೆ ಕಾರಣ ಬೇಕು, ಕ್ರಮ ಬೇಕು, ಯಾರು ಮೊದಲು ಯಾರು ಆಮೇಲೆ ಎಂಬ ಲೆಕ್ಕ ಬೇಕು. ಶೋಕಕ್ಕೆ ಸತ್ತವನ ಮುಖವೊಂದಿದ್ದರೆ ಸಾಕು. ಇವೆರಡನ್ನೂ ಕಲಸಿದಾಗ ತೀರ್ಪು ಹಗೆಯಾಗುತ್ತದೆ, ಶೋಕ ಘೋಷಣೆಯಾಗುತ್ತದೆ. ಕಾನ್ಪುರದ ಸಾಹಿತ್ಯದಲ್ಲಿ ಆದದ್ದು ಅದೇ.

ಯಾವ ಭಾಷೆಯಲ್ಲಾದರೂ ಆಗಲಿ, ಸತೀಚೌರಾವನ್ನು ಕುರಿತು ಇನ್ನೊಂದು ಕೃತಿ ಬರಬೇಕಾಗಿದೆ. ಅದನ್ನು ಬರೆಯುವವನು ನೀಲನನ್ನು ಕ್ಷಮಿಸಬೇಕಾಗಿಲ್ಲ, ನಾನಾನನ್ನು ಪೂಜಿಸಬೇಕಾಗಿಲ್ಲ. ಚಾವಣಿಗೆ ಗುಂಡು ಹಾರಿಸಿದ ಸಿಪಾಯಿಯ ಹೆಸರನ್ನು ಅವನು ಕಲ್ಪಿಸಬೇಕು. ಆಯಾಳ ಊರನ್ನು ಕಲ್ಪಿಸಬೇಕು. ಮಳಲಿಗೆ ಕಚ್ಚಿಕೊಂಡ ದೋಣಿಯಲ್ಲಿ ಕುಳಿತವರೂ ದಡದಲ್ಲಿ ನಿಂತವರೂ ಗುಂಡು ಹಾರುವ ಮುನ್ನ ಒಂದು ಗಳಿಗೆ ಒಂದೇ ನೀರನ್ನು ನೋಡುತ್ತಿದ್ದರೆಂಬುದನ್ನು ನೆನೆಯಬೇಕು. ಅಂಥ ಕೃತಿ ಬರುವ ತನಕ ಆ ಘಾಟಿಗೆ ಮೂರು ಹೆಸರುಗಳೇ ಇರುತ್ತವೆ. ಮೂರರಲ್ಲಿ ಒಂದೂ ಅಲ್ಲಿ ಸತ್ತವರೆಲ್ಲರಿಗೂ ಸಲ್ಲುವುದಿಲ್ಲ.